ಕೋಣೆಯೇ ಕುಲುಮೆ

ಚಾರ್ಜರಿನ ಪಿನ್ನನ್ನು ಕೊಂಚ ಎಡಕ್ಕೆ ವಾಲಿಸಿ, ಅದರಡಿ ನಾಲ್ಕು ಮಡಿಕೆಯ ಬಸ್ ಟಿಕೆಟ್ಟು ತೂರಿಸಿ, ವೈರಿನ ಮೇಲೆ ನಿಘಂಟು ಹೇರಿದರೆ ಲ್ಯಾಪ್‌ಟಾಪಿನ ದೀಪ ಹತ್ತುತ್ತಿತ್ತು. ಪಕ್ಕದಲ್ಲಿ ಯಾರಾದರೂ ಹಾದುಹೋದರೆ ಆರುತ್ತಿತ್ತು. ಹೀಗೆ ಎಂಟು ತಿಂಗಳು ನಡೆಯಿತು. ನಿಘಂಟು ತೆಗೆದು ಅರ್ಥ ನೋಡೋಣವೆಂದರೆ ಕರೆಂಟು ಹೋಗುವ ಭಯ. ಅದರ ದೆಸೆಯಿಂದ ಅರ್ಥ ನೋಡದೆ ಬಿಟ್ಟ ಪದಗಳು ಎಷ್ಟೋ. ಕೊನೆಗೊಂದು ದಿನ ಟಿಕೆಟ್ಟಿಗೂ ಜಗ್ಗಲಿಲ್ಲ, ನಿಘಂಟಿಗೂ ಜಗ್ಗಲಿಲ್ಲ.

“ರೀ, ಹನ್ನೆರಡು ವರ್ಷ ಆಯ್ತು. ಸಾಕು ಬಿಡಿ ಅದನ್ನ,” ಎಂದಳು ಹೆಂಡತಿ. ತಪ್ಪು ಮಾತೇನಲ್ಲ. ಆದರೆ ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಅವಳ ಅಜ್ಜಿಯ ಹಿತ್ತಾಳೆ ಪಾತ್ರೆಗಳ ಒಂದು ಗೋಣಿಚೀಲವಿದೆ. ಅದರ ಸುದ್ದಿಯನ್ನು ನಾನು ಎತ್ತಲಿಲ್ಲ. ಬಸವೇಶ್ವರನಗರದಿಂದ ವಿಜಯನಗರಕ್ಕೆ ಹೊರಟೆ.

ಮೆಟ್ರೋ ನಿಲ್ದಾಣದಿಂದ ಎರಡು ತಿರುವು ಒಳಗೆ, ಝೆರಾಕ್ಸ್ ಅಂಗಡಿಗೂ ಸೀರೆಗೆ ಫಾಲ್ಸ್ ಹಾಕುವವರಿಗೂ ನಡುವೆ ಮೆಟ್ಟಿಲಿಳಿದರೆ ಒಂದು ರಿಪೇರಿ ಅಂಗಡಿ. ಇಪ್ಪತ್ತೈದರ ಆಸುಪಾಸಿನ ಹುಡುಗ. ಪಿನ್ನು ಚುಚ್ಚಿ ಒಮ್ಮೆ ಅಲ್ಲಾಡಿಸಿದವನೇ “ಜಾಕ್ ಹೋಗಿದೆ ಸಾರ್” ಎಂದು ಹಿಂಬದಿಯ ಮುಚ್ಚಳ ಬಿಚ್ಚತೊಡಗಿದ. ತೆಗೆದ ಸ್ಕ್ರೂಗಳನ್ನು ಡಬ್ಬಿಗೆ ಸುರಿಯಲಿಲ್ಲ. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಯಾವುದು ಎಲ್ಲಿಂದ ಬಂತೋ ಅಲ್ಲಲ್ಲೇ ಇಟ್ಟ. ಕುಂಬಳಕಾಯಿ ಹೆಚ್ಚಿ ಬೀಜ ತೆಗೆದಿಡುವವರ ಹಾಗೆ ನಿಧಾನವಾಗಿ. ಮುಚ್ಚಳದ ಒಳಮೈಯಲ್ಲಿ ಮಾರ್ಕರಿನಿಂದ ಬರೆದ ಒಂದು ತಾರೀಖಿತ್ತು, 14-6-18. ಫ್ಯಾನ್ ಬದಲಾಯಿಸಿದಾಗ ಇನ್ಯಾವನೋ ಬರೆದದ್ದು. ಅದು ಅಲ್ಲಿದೆಯೆಂಬುದೇ ಗೊತ್ತಿಲ್ಲದೆ ಆರೇಳು ವರ್ಷ ತೊಡೆಯ ಮೇಲಿಟ್ಟುಕೊಂಡು ಬರೆದಿದ್ದೇನೆ.

“ನೋಡಿ ಸಾರ್,” ಎಂದು ಭೂತಗನ್ನಡಿಯನ್ನು ನನ್ನ ಕಡೆ ತಿರುಗಿಸಿದ. ಜಾಕಿನ ಕಾಲು ಬೋರ್ಡಿಗೆ ಕೂತ ಜಾಗದಲ್ಲಿ ಬೆಸುಗೆಯ ಪುಟ್ಟ ಗುಡ್ಡ. ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ. ಮುರಿದಂತೆ ಕಾಣಲಿಲ್ಲ, ಒಣಗಿದ ಕೆರೆಯ ಅಂಚಿನಲ್ಲಿ ನೀರು ಹಿಂದೆ ಸರಿದ ಗೆರೆಯಿರುತ್ತದಲ್ಲ, ಹಾಗೆ.

“ಬಿದ್ದಿತ್ತಾ?”

“ಇಲ್ಲಪ್ಪ.”

“ಹಂಗಾದ್ರೆ ವೈರ್ ಹಿಡಿದು ಎಳೀತೀರ.”

ಎಳೆಯುತ್ತೇನೆ, ನಿಜ. ಆದರೆ ಅಪರಾಧವೆಲ್ಲ ನನ್ನದೇ ಅಲ್ಲ. ಕಾಲೇಜಿನಲ್ಲಿ ಓದಿ ಮರೆತಿದ್ದ ಒಂದು ಲೆಕ್ಕ ಆ ಉಂಗುರ ನೋಡಿದಾಗ ನೆನಪಾಯಿತು. ಈ ಕಾಲದ ಯಂತ್ರಗಳಲ್ಲಿ ಬಳಸುವ ಸೀಸವಿಲ್ಲದ ಬೆಸುಗೆ, ಅಂದರೆ ಬಹುಪಾಲು ತವರ, ಸುಮಾರು 217 ಡಿಗ್ರಿಗೆ ಕರಗುತ್ತದೆ. ನಮ್ಮ ಕೋಣೆಯ 27 ಡಿಗ್ರಿಗೂ ಅದಕ್ಕೂ ಎಷ್ಟೋ ದೂರ ಅನ್ನಿಸುತ್ತದೆ. ಆದರೆ ಲೋಹಕ್ಕೆ ನೀರು ಹೆಪ್ಪುಗಟ್ಟುವ ಸೊನ್ನೆಯ ಹಂಗಿಲ್ಲ. ಅದರ ಎಣಿಕೆ ಚಳಿಯ ತಳದಿಂದ, ಸೊನ್ನೆಗೂ 273 ಡಿಗ್ರಿ ಕೆಳಗಿನಿಂದ ಶುರುವಾಗಬೇಕು. ಹಾಗೆ ಎಣಿಸಿದರೆ ಕರಗುವ ಹಂತ 490, ನಮ್ಮ ಕೋಣೆ 300. ಕರಗುವ ದಾರಿಯಲ್ಲಿ ಐದರಲ್ಲಿ ಮೂರು ಪಾಲನ್ನು ಬೆಸುಗೆ ಸುಮ್ಮನೆ ಕೂತಲ್ಲೇ ನಡೆದುಬಿಟ್ಟಿದೆ. 1538 ಡಿಗ್ರಿಗೆ ಕರಗುವ ಕಬ್ಬಿಣ ಅಷ್ಟೇ ದಾರಿ ನಡೆಯಬೇಕಾದರೆ 800 ಡಿಗ್ರಿ ದಾಟಿರಬೇಕು. ಕಮ್ಮಾರನ ಇಕ್ಕಳದಲ್ಲಿ ಕೆಂಪಗೆ ಹೊಳೆಯುವ, ಸುತ್ತಿಗೆಗೆ ಬಗ್ಗುವ ಕಬ್ಬಿಣ.

ಬೆಸುಗೆಯ ಮಟ್ಟಿಗೆ ಬೆಂಗಳೂರಿನ ಒಂದು ಸಾಧಾರಣ ಮಧ್ಯಾಹ್ನವೇ ಕುಲುಮೆ. ಮೇಜಿನ ಮೇಲೆ ತಣ್ಣಗೆ ಕೂತಂತೆ ಕಾಣುವ ಆ ಗುಡ್ಡದೊಳಗೆ ಲೋಹದ ಹರಳುಗಳು ಜಾಗ ಬದಲಿಸುತ್ತಲೇ ಇರುತ್ತವೆ. ಸಣ್ಣವು ಕರಗಿ ದೊಡ್ಡವು ಬೆಳೆಯುತ್ತವೆ. ಹೊರೆ ಬಿದ್ದ ಕಡೆ ಲೋಹ ಒಂದಿಷ್ಟೇ ತೆವಳುತ್ತದೆ. ಯಂತ್ರ ಬಿಸಿಯಾದಾಗ ತಾಮ್ರ ಹಿಗ್ಗುವ ಅಳತೆ ಬೇರೆ, ಬೋರ್ಡು ಹಿಗ್ಗುವ ಅಳತೆ ಬೇರೆ. ಇಬ್ಬರ ಜಗಳದಲ್ಲಿ ನಡುವೆ ನಿಂತ ಬೆಸುಗೆಯೇ ಬಾಗಬೇಕು. ನಾನು ಪಿನ್ನು ಚುಚ್ಚಿದ ಸಾವಿರಾರು ಸಲವೂ ಬಾಗಿದೆ. ಗಟ್ಟಿ ಎಂದು ನಾವು ಕರೆಯುವುದು ಇದನ್ನೇ: ನೋಡುವವನ ತಾಳ್ಮೆಗಿಂತ ನಿಧಾನವಾಗಿ ಹರಿಯುವುದನ್ನು.

ಹುಡುಗ ಹಳೆಯ ಬೆಸುಗೆಯ ಮೇಲೆ ಹೊಸದನ್ನು ಸ್ವಲ್ಪ ಕರಗಿಸಿ ಬೆರೆಸಿದ. ತೆಗೆಯಬೇಕಾದದ್ದಕ್ಕೆ ಇನ್ನಷ್ಟು ಸೇರಿಸುವುದೇಕೆ ಎಂದು ಕೇಳಿದೆ. “ಇದು ಸೀಸದ್ದು ಸಾರ್. ಬೆರೆತ್ರೆ ಹಳೇದೂ ಬೇಗ ಬಿಡುತ್ತೆ.” 63 ಪಾಲು ತವರ, 37 ಪಾಲು ಸೀಸದ ತಂತಿ 183 ಡಿಗ್ರಿಗೇ ನೀರಾಗುತ್ತದೆ. ಸೀಸ ಮೈಗೆ ಕೆಟ್ಟದ್ದು. 2006ರ ಜುಲೈ 1ರಿಂದ ಯುರೋಪಿನ ಒಕ್ಕೂಟ ಹೊಸ ಉಪಕರಣಗಳಲ್ಲಿ ಅದನ್ನು ನಿರ್ಬಂಧಿಸಿದ ಮೇಲೆ ಜಗತ್ತಿನ ಕಾರ್ಖಾನೆಗಳೆಲ್ಲ ಬಹುಮಟ್ಟಿಗೆ ತವರದ ಕಡೆ ತಿರುಗಿದವು. ನೆಲಮಾಳಿಗೆಯ ರಿಪೇರಿಯವರ ಕೈಯಲ್ಲಿ ಮಾತ್ರ ಅದು ಇನ್ನೂ ಉಳಿದಿದೆ. (ಆ ಅಂಗಡಿಗೊಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಬೇಕು. ಹೇಳಿದೆ. ನಕ್ಕ.) ಅಂದಮೇಲೆ ನನ್ನ ಲ್ಯಾಪ್‌ಟಾಪಿಗೆ ಈಗ ಬಿದ್ದಿರುವ ಹೊಸ ಬೆಸುಗೆ ಹಳೆಯದಕ್ಕಿಂತ ಕರಗುವುದಕ್ಕೆ ಇನ್ನೂ ಹತ್ತಿರ. ಸರಿಪಡಿಸುವುದೆಂದರೆ ಹೀಗೂ ಇರಬಹುದೆಂದು ನಾನು ಎಣಿಸಿರಲಿಲ್ಲ.

ಕಾದ ತುದಿಗೆ ಫ್ಲಕ್ಸ್ ತಾಗಿದಾಗ ರಾಳದ ಹೊಗೆ ಎದ್ದಿತು. ಅದರ ಹಿಂದೆಯೇ ಇನ್ನೊಂದು ಹೊಗೆ ನೆನಪಿಗೆ ಬಂತು: ಮೂಗು ಹಿಂಡುವ, ಬಿಳಿಯ, ನವಸಾಗರದ ಹೊಗೆ. ನಾನು ಚಿಕ್ಕವನಿದ್ದಾಗ ಬೀದಿಗೆ “ಪಾತ್ರೆಗೆ ಕಲಾಯ್” ಎಂದು ಕೂಗುತ್ತ ಒಬ್ಬರು ಬರುತ್ತಿದ್ದರು. ಹೊಂಗೆ ಮರದಡಿ ನೆಲದಲ್ಲಿ ಗುಳಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುವರು. ತಿಕ್ಕಿ ತೊಳೆದ ಪಾತ್ರೆ ಕಾದಮೇಲೆ ಚಿಟಿಕೆ ನವಸಾಗರ, ಅದರ ಹಿಂದೆಯೇ ತವರದ ಕಡ್ಡಿಯ ತುದಿ, ತಕ್ಷಣ ಅರಳೆಯ ಉಂಡೆಯಿಂದ ಒಂದು ಸುತ್ತು. ಕಪ್ಪಗಿದ್ದ ಒಡಲು ಕಣ್ಣೆದುರೇ ಬೆಳ್ಳಿಯಾಗುತ್ತಿತ್ತು. ವಾಸನೆ ಬೇರೆಯಾದರೂ ರಾಳವೂ ನವಸಾಗರವೂ ಮಾಡುವ ಕೆಲಸ ಒಂದೇ, ಲೋಹದ ಮೇಲಿನ ಪೊರೆ ಕಳಚುವುದು. ಮೆತ್ತುವ ಲೋಹವೂ ಅದೇ ತವರ.

ಕಲಾಯಿ ಒಂದು ಸಲ ಹಾಕಿಸಿದರೆ ಮುಗಿಯಿತೆಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಹುಣಸೆಹುಳಿ ಕಿಲುಬತೊಡಗಿದರೆ ಕಲಾಯಿ ಹೋಗಿದೆ ಎಂದರ್ಥ, ಅಷ್ಟೆ. ಪಾತ್ರೆ ಕೆಟ್ಟಿತೆಂದು ಅಮ್ಮ ಹೇಳಿದ್ದು ನಾನು ಕೇಳಿಲ್ಲ. ಕಲಾಯಿಯವರು ಬರುವ ಹೊತ್ತಾಯಿತು ಎನ್ನುತ್ತಿದ್ದರು. ಸವೆತಕ್ಕೆ ಆ ಮನೆಯಲ್ಲಿ ಹಬ್ಬಗಳ ಹಾಗೆ ಒಂದು ಸರದಿಯಿತ್ತು. ಸ್ಟೀಲು ಬಂದಮೇಲೆ ಸರದಿ ನಿಂತು, ಪಾತ್ರೆಗಳು ಅಟ್ಟ ಹತ್ತಿದವು. ಸವೆಯದೇ ಉಳಿದಿರುವುದು ಅಟ್ಟದ ಮೇಲಿನ ಆ ಪಾತ್ರೆಗಳೇ. ಅವುಗಳಲ್ಲಿ ಯಾರೂ ಸಾರು ಮಾಡುವುದಿಲ್ಲ.

ಹಳಗನ್ನಡದ ಜೈನ ಕವಿಗಳು ಕಾವ್ಯದ ಮೊದಲಲ್ಲೇ ನೆನೆಯುವ ಸಮಂತಭದ್ರಾಚಾರ್ಯರು ತಮ್ಮ ‘ಆಪ್ತಮೀಮಾಂಸೆ’ಯಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ಚಿನ್ನದ ಕೊಡ ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕೆಂದವನಿಗೆ ದುಃಖ, ಕಿರೀಟ ಬೇಕೆಂದವನಿಗೆ ಸಂತೋಷ, ಚಿನ್ನ ಸಾಕೆಂದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಕ್ಷಣಕ್ಕೆ ಇರುತ್ತವೆ ಎಂದು ತೋರಿಸುವುದಕ್ಕೆ ಈ ಮೂವರು ಸಾಕ್ಷಿಗಳು. ಬಹಳ ಹಿಂದೆ ಓದಿದಾಗ ಮೂರನೆಯವನೇ ಜಾಣ ಅನ್ನಿಸಿತ್ತು. ಈಗ ಅಷ್ಟು ಖಾತ್ರಿಯಿಲ್ಲ.

ನಮ್ಮ ಕಡೆಯದೇ ಒಂದು ಉದಾಹರಣೆ. ರಾಜಾಜಿನಗರ ಹುಟ್ಟಿದ್ದೇ ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಕೈಗಾರಿಕೆಗಳ ಉಪನಗರವಾಗಿ. ಅದರ ಅಂಚಿನಲ್ಲಿ ಮೋಟಾರುಗಳನ್ನು ಮಾಡುತ್ತಿದ್ದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯ ಜಾಗದಲ್ಲಿ ಇವತ್ತು ಓರಿಯನ್ ಮಾಲ್ ನಿಂತಿದೆ. ಮೋಟಾರಿಗೆ ತಂತಿ ಸುತ್ತಿ ನಿವೃತ್ತನಾದವನೊಬ್ಬ ಮೊಮ್ಮಗಳ ಕೈಹಿಡಿದು ಅಲ್ಲಿ ಎಸ್ಕಲೇಟರ್ ಹತ್ತಬಹುದು. ಕೊಡ ಕಳೆದುಕೊಂಡವನೂ ಅವನೇ, ಕಿರೀಟ ನೋಡಿ ಹಿಗ್ಗುವವನೂ ಅವನೇ. ಸೈಟಿನ ಬೆಲೆ ಎಷ್ಟಾಯಿತೆಂದು ಲೆಕ್ಕ ಹಾಕುವವನೂ ಅವನೇ ಇರಬಹುದು. ಮೂವರನ್ನು ಬೇರೆ ಬೇರೆ ನಿಲ್ಲಿಸಿದ್ದು ತರ್ಕದ ಅನುಕೂಲಕ್ಕೆ. ಇನ್ನೂ ಒಂದು ತಕರಾರಿದೆ ನನ್ನದು. ಆ ದೃಷ್ಟಾಂತದಲ್ಲಿ ಅಕ್ಕಸಾಲಿಗ ಮಾತೇ ಆಡುವುದಿಲ್ಲ. ಕೊಡ ಕರಗುವಾಗ ಬೆಂಕಿಯ ಮುಂದೆ ಕೂತವನು ಅವನು. ಅವನಿಗೆ ಏನನ್ನಿಸಿತು?

ನೆಲಮಾಳಿಗೆಯ ಹುಡುಗನ ಮುಖ ನೋಡಿದೆ. ದುಃಖ ಸಂತೋಷ ಎರಡೂ ಇರಲಿಲ್ಲ. ಉದಾಸೀನವಂತೂ ಇರಲೇ ಇಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ಹಿಡಿದಿದ್ದ. ಹೊಸ ಜಾಕಿನ ಐದು ಕಾಲೂ ಕೂತಮೇಲೆ ಮಲ್ಟಿಮೀಟರ್ ಮುಟ್ಟಿಸಿದ, ಬೀಪ್ ಎಂದಿತು. ಉಸಿರು ಬಿಟ್ಟ. ಸ್ಕ್ರೂಗಳು ಹಾಳೆಯ ಮೇಲಿಂದ ತಮ್ಮ ತಮ್ಮ ಗುಳಿಗೆ ಹೋದವು. ಮುಚ್ಚಳ ಹಾಕುವ ಮೊದಲು ಮಾರ್ಕರ್ ತೆಗೆದು 14-6-18ರ ಕೆಳಗೆ ಅವತ್ತಿನ ತಾರೀಖು ಬರೆದ.

“ಎಷ್ಟು ದಿನ ಬರುತ್ತಪ್ಪ?”

“ಮೂರು ತಿಂಗಳು ವಾರಂಟಿ ಸಾರ್. ಅಲ್ಲಾಡಿಸಬೇಡಿ, ಸಾಕು.”

ಮನೆಗೆ ಬಂದು ಚಾರ್ಜರ್ ಹಾಕಿದೆ. ಟಿಕೆಟ್ಟಿಲ್ಲದೆ, ನಿಘಂಟಿಲ್ಲದೆ ದೀಪ ಹತ್ತಿತು. ಸ್ವಲ್ಪ ಹೊತ್ತು ನೋಡುತ್ತ ಕೂತೆ. ಆಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಿನ್ನನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಲ್ಲಾಡಿಸಿದೆ. ಆರಲಿಲ್ಲ.

“ಅಲ್ಲಾಡಿಸಿದ್ರಿ ತಾನೇ?” ಅಡುಗೆಮನೆಯಿಂದ ಕೇಳಿದಳು.