ಅರಸನ ಆಟ, ಈಶ್ವರನ ಲೀಲೆ

ಯಾವ ಕೊರತೆಯೂ ಇಲ್ಲದ ದೇವರು ಜಗತ್ತನ್ನು ಏಕೆ ಸೃಷ್ಟಿಸಬೇಕು? ಬಯಸಿ ಸೃಷ್ಟಿಸಿದನೆಂದರೆ ಅವನಿಗೂ ಏನೋ ಬೇಕಾಗಿತ್ತು ಎಂದಾಗುತ್ತದೆ. ಉದ್ದೇಶವೇ ಇರಲಿಲ್ಲವೆಂದರೆ ಸೃಷ್ಟಿ ಬುದ್ಧಿಗೇಡಿ ಕೆಲಸವಾಗುತ್ತದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಈ ಇಕ್ಕಟ್ಟನ್ನೆತ್ತಿ, ಸೃಷ್ಟಿಯನ್ನು ಲೀಲೆ ಎನ್ನುತ್ತದೆ. ಇದಕ್ಕೆ ನಿದರ್ಶನ ಬೇಕಾದಾಗ ಭಾಷ್ಯಕಾರರಿಗೆ ಹೊಳೆದದ್ದು ಅರಸ. ಶಂಕರರಲ್ಲಿ ಅವನು ಬಯಸಿದ್ದೆಲ್ಲ ಕೈಗೂಡಿದ ಮೇಲೆ ಸುಮ್ಮನೆ ಆಡುವವನು. ರಾಮಾನುಜರಲ್ಲಿ ಏಳು ದ್ವೀಪಗಳನ್ನಾಳುತ್ತ ಚೆಂಡಾಡುವವನು. ಮಧ್ವರು ಮಾತ್ರ ಅರಮನೆಯ ಕಡೆ ಹೋಗದೆ, ಸುಖ ಉಕ್ಕಿ ಕುಣಿಯುವ ಮತ್ತನನ್ನು ತೋರಿಸುತ್ತಾರೆ. ಶಂಕರರ ಇನ್ನೊಂದು ಮಾತು ಇಲ್ಲಿ ಮುಖ್ಯ: ಲೋಕದ ಆಟಗಳಲ್ಲಿ ಯಾವುದೋ ಸೂಕ್ಷ್ಮ ಪ್ರಯೋಜನವನ್ನು ಊಹಿಸಬಹುದಾದರೂ ಈಶ್ವರನ ಆಟದಲ್ಲಿ ಅದಕ್ಕೂ ಎಡೆಯಿಲ್ಲ.

ಆ ಸೂಕ್ಷ್ಮ ಪ್ರಯೋಜನವನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಬದುಕಿನಲ್ಲಿ ಹುಡುಕಬಹುದು. 1794ರಲ್ಲಿ ಹುಟ್ಟಿದ ಅವರು ಟಿಪ್ಪುವಿನ ಪತನದ ನಂತರ, 1799ರಲ್ಲಿ, ಐದರ ಹರೆಯದಲ್ಲಿ ಪಟ್ಟವೇರಿದರು. ಬಾಲ್ಯದಲ್ಲಿ ದಿವಾನ್ ಪೂರ್ಣಯ್ಯ ರಾಜ್ಯ ನಡೆಸಿದರು. ನಗರ ಪ್ರಾಂತ್ಯದ ರೈತ ದಂಗೆಯನ್ನು ಮುಂದೊಡ್ಡಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಬಿರುದು, ಗದ್ದುಗೆ, ದಸರಾ ಅವರ ಪಾಲಿಗಿದ್ದವು, ಅಧಿಕಾರ ಕಮಿಷನರರದು. ಭಾಷ್ಯದ ಅರಸ ತುಂಬಿದ ರಾಜ್ಯದ ಮೇಲೆ ಕುಳಿತು ಆಡಿದರೆ ಈ ಅರಸರು ಆಡಿದ್ದು ರಾಜ್ಯ ಕೈತಪ್ಪಿದ ಮೇಲೆ.

ಆಡಿದ್ದು ಮಾತ್ರವಲ್ಲ, ಆಟಗಳನ್ನು ಕಟ್ಟಿದರು ಕೂಡ. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮಣೆಗಳ ಚಿತ್ರಗಳಿವೆ. ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಹಾಯಿಸುವ ಸಮಸ್ಯೆ ಅವರಿಗೆ ಅಚ್ಚುಮೆಚ್ಚು. ಅದಕ್ಕೆ ಭಾರತದಲ್ಲಿ ಹಳೆಯ ಪರಂಪರೆಯಿದೆ: ಒಂಬತ್ತನೆಯ ಶತಮಾನದ ರುದ್ರಟ ಅದನ್ನು ಕಾವ್ಯಬಂಧವಾಗಿಸಿದ್ದ, ವೇದಾಂತದೇಶಿಕರು ‘ಪಾದುಕಾಸಹಸ್ರ’ದಲ್ಲಿ ಭಕ್ತಿಗೆ ಬಳಸಿದ್ದರು. ಮುಮ್ಮಡಿಯವರು ಕಟ್ಟಿದ ಒಂದು ನಡೆಯಲ್ಲಿ ಕುದುರೆಯ ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಟ್ಟರೆ ಪ್ರತಿ ಅಡ್ಡಸಾಲೂ ಪ್ರತಿ ಕಂಬಸಾಲೂ 260 ಆಗುತ್ತದೆ. ಇದರಲ್ಲಿ ಎದುರಾಳಿಯಿಲ್ಲ, ಗೆಲುವೂ ಇಲ್ಲ. ಲೋಕದ ಆಟ ನಿಷ್ಪ್ರಯೋಜನ ಲೀಲೆಗೆ ತೀರ ಹತ್ತಿರ ಬರುವುದು ಇಂಥಲ್ಲೇ.

ಹೋಲಿಕೆಗೆ ಫ್ರಾನ್ಸಿನ ಫಿಲಿಡೋರ್ ಒದಗುತ್ತಾನೆ. 1726ರಲ್ಲಿ ಡ್ರ್ಯೂ ಪಟ್ಟಣದ ಸಂಗೀತಗಾರರ ಮನೆತನದಲ್ಲಿ ಹುಟ್ಟಿದ ಅವನು 1749ರಲ್ಲಿ ಚದುರಂಗದ ಶಾಸ್ತ್ರಗ್ರಂಥ ಬರೆದು, ಆಟದ ಪ್ರಾಣವೇ ಕಾಲಾಳುಗಳು ಎಂದು ಸಾರಿದ. ಹಾಡುನಾಟಕಗಳ ಸಂಗೀತಕಾರನಾಗಿಯೂ ಹೆಸರಾದ. ಲಂಡನ್ನಿನಲ್ಲಿ ಮಣೆ ನೋಡದೆ ಏಕಕಾಲಕ್ಕೆ ಹಲವರೊಡನೆ ಆಡಿ ಬೆರಗುಗೊಳಿಸಿದಾಗ, ಗೆಳೆಯನಾಗಿದ್ದ ಚಿಂತಕ ದಿದರೋ 1782ರಲ್ಲಿ ಗದರಿ ಕಾಗದ ಬರೆದ: ಬರಿಯ ಹೆಮ್ಮೆಗಾಗಿ ಬುದ್ಧಿಯನ್ನೇ ಪಣಕ್ಕಿಡುವುದು ಹುಚ್ಚುತನ, ಸಂಗೀತ ರಚಿಸುವುದು ಮೇಲು. ಪ್ರಯೋಜನವಿಲ್ಲದ್ದಕ್ಕೆ ಮೌಲ್ಯವಿಲ್ಲ ಎಂಬ ಜ್ಞಾನೋದಯ ಯುಗದ ಲೆಕ್ಕಾಚಾರ ಈ ಗದರಿಕೆಯ ಹಿಂದಿದೆ. ಸಂಗೀತದ ಪ್ರಯೋಜನವೇನೆಂದು ಮಾತ್ರ ಆ ಲೆಕ್ಕ ಕೇಳಿದಂತಿಲ್ಲ. ಫ್ರಾನ್ಸಿನ ಕ್ರಾಂತಿ ತಾಯ್ನಾಡಿನ ಬಾಗಿಲು ಮುಚ್ಚಿದ್ದರಿಂದ ಫಿಲಿಡೋರ್ 1795ರಲ್ಲಿ ಲಂಡನ್ನಿನಲ್ಲೇ ಸತ್ತ. ಚದುರಂಗ ಅವನಿಗೆ ಹೊಟ್ಟೆಪಾಡೂ ಆಗಿತ್ತು, ಆದ್ದರಿಂದ ಶಂಕರರ ಸೂಕ್ಷ್ಮ ಪ್ರಯೋಜನ ಅವನ ಪಾಲಿಗೆ ಸೂಕ್ಷ್ಮವೇನಲ್ಲ.

ಮುಮ್ಮಡಿಯವರ ಪ್ರಯೋಜನ ಯಾವುದು? ಕಳೆದ ರಾಜ್ಯಕ್ಕೆ ಸಮಾಧಾನ ಎನ್ನುವುದು ಸುಲಭದ ಉತ್ತರ. ಆದರೆ ಅವರ ಆಟಗಳಲ್ಲಿ ‘ದೇವೀಸಾಯುಜ್ಯ’ ಎಂಬುದೊಂದಿದೆ. ಹೆಸರೇ ಹೇಳುವಂತೆ ಅಲ್ಲಿ ತಲುಪಬೇಕಾದದ್ದು ದೇವಿಯಲ್ಲಿ ಒಂದಾಗುವ ಸ್ಥಿತಿ. ಚಾಮುಂಡಿಯ ಭಕ್ತರಾಗಿದ್ದ ಅರಸರಿಗೆ ಇದು ಹೊತ್ತು ಕಳೆಯುವ ಸಾಧನ ಮಾತ್ರವಾಗಿತ್ತು ಎನ್ನುವುದು ಕಷ್ಟ. ಮೋಕ್ಷವೇ ಗುರಿಯಾದರೆ ಆಟಕ್ಕೆ ಅತಿದೊಡ್ಡ ಪ್ರಯೋಜನ ದಕ್ಕಿತು, ಅಷ್ಟರಮಟ್ಟಿಗೆ ಅದು ಲೀಲೆಯಿಂದ ದೂರ ಸರಿಯಿತು. ಈ ಲೆಕ್ಕದಲ್ಲಿ ಏನನ್ನೂ ತಂದುಕೊಡದ 260ರ ಕುದುರೆಯೇ ಭಾಷ್ಯದ ಅರಸನಿಗೆ ಹೆಚ್ಚು ಹತ್ತಿರ, ಭಕ್ತಿಯ ಮಣೆಯಲ್ಲ.