ಯಾರು, ಯಾರಿಗೆ ಅಂದದ್ದು?

ಬೂಸಾ ಎಂಬುದು ಒಳ್ಳೆಯ ಮಾತೋ, ಕೆಟ್ಟ ಮಾತೋ? ಹಸು ಕಟ್ಟಿದ ಮನೆಯಲ್ಲಿ ಹೀಗೆ ಕೇಳಿದರೆ ಮುಖ ಮುಖ ನೋಡಿಯಾರು. ಗೋಧಿ ಬೀಸಿದ ಮೇಲೆ ಉಳಿಯುವ ಹೊಟ್ಟು ಅದು. ಸಂಜೆ ಹಾಲು ಕರೆಯುವ ಹೊತ್ತಿಗೆ ಹಿಂಡಿಯ ಜೊತೆ ನೀರಲ್ಲಿ ಕಲಸಿಟ್ಟರೆ ಹಸು ಬಾಯಿ ಹಾಕಿದ್ದು ತೆಗೆಯುವುದಿಲ್ಲ. ಮೂಟೆ ತರುವವರಿಗೆ ಅದರ ರೇಟು ಎಷ್ಟು ಏರಿತು ಎಂಬುದೊಂದೇ ಚಿಂತೆ. ಅಂಥ ಕೊಟ್ಟಿಗೆಯ ಮಾತು 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಕೇಳಿಬಂತು. ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿದರು. ಊರೂರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು.

ಪುಸ್ತಕಗಳನ್ನು ಜೊಳ್ಳು ಎಂದು, ಕಸ ಎಂದು ತೆಗಳುವುದು ಸಾಹಿತ್ಯ ವಲಯಕ್ಕೆ ಹೊಸದೇನಲ್ಲ. ವಿಮರ್ಶಕರು ಅದನ್ನೇ ಕಸುಬು ಮಾಡಿಕೊಂಡು ಬಂದಿದ್ದಾರೆ. ಅದಕ್ಕಾಗಿ ಯಾರ ಮೇಲೂ ಕಲ್ಲು ಬಿದ್ದದ್ದಿಲ್ಲ. ಕನ್ನಡದ ಮೇಲಿನ ಅಭಿಮಾನದಿಂದಲೇ ನೊಂದವರು ಅಂದು ಇದ್ದರು, ಅವರ ನೋವು ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಬೆಂಕಿಗೆ ಬೂಸಾ ಒಂದೇ ಸಾಲದು. ತಲೆತಲಾಂತರದಿಂದ ಅಕ್ಷರದ ಹತ್ತಿರವೇ ಬಿಟ್ಟುಕೊಳ್ಳದ ಜನರ ನಡುವಿನಿಂದ ಬಂದವರೊಬ್ಬರು ಅಕ್ಷರದ ಬಗ್ಗೆ ತೀರ್ಪು ಕೊಟ್ಟರಲ್ಲ, ಅದನ್ನು ಹಲವರಿಗೆ ಸಹಿಸಲಾಗಲಿಲ್ಲ. ಕೆರಳಿಸಿದ್ದು ಆ ಬಾಯಿ ಎಂದೇ ನನ್ನ ಎಣಿಕೆ.

ಹಾಗಾದರೆ ಮಾತಿನಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಏನೂ ಇಲ್ಲ, ಎಲ್ಲ ಸಂದರ್ಭದ ಮೇಲೆ ಹೋಗುತ್ತದೆ ಎಂದುಬಿಡಬಹುದೇ? ಹಾಗೆ ಹೇಳುವವರು ಬಹಳ ಮಂದಿ. ಅವರ ಮಾತಿಗೆ ಸಾಕ್ಷಿಯೂ ಬೇಕಾದಷ್ಟು ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಗೆಳೆಯರಿಬ್ಬರು ವರ್ಷದ ಮೇಲೆ ಎದುರಾದರೆ ಮೊದಲು ಬರುವುದೇ ಬೈಗುಳ. ಬೈಯದೆ 'ಆರಾಮ ಇದ್ದೀರೇನ್ರಿ' ಎಂದು ಕೇಳಿದರೆ ಎದುರಿನವನಿಗೆ ಎಲ್ಲೋ ಏನೋ ಕೆಟ್ಟಿದೆ ಎಂಬ ಗುಮಾನಿ. ಬೆಂಗಳೂರಿನ ಹುಡುಗರ ಬಾಯಲ್ಲಿ 'ಏನ್ ಮಗಾ' ಎಂದರೆ ಜೀವದ ಗೆಳೆಯ. ಅದೇ 'ಮಗನೇ' ಎಂದು ಹಲ್ಲು ಕಚ್ಚಿ ಎಳೆದರೆ ಜಗಳ ಕೈಗೆ ಬಂತೆಂದೇ ಲೆಕ್ಕ. ಇನ್ನು ಪುಣ್ಯಾತ್ಮ ಎಂಬ ಮಾತು ನೋಡಿ. ಪಿಂಚಣಿಯ ಕಾಗದ ಹಿಡಿದು ಕೌಂಟರಿನ ಮುಂದೆ ನಿಂತ ಮುದುಕರಿಗೆ ಒಳಗಿನಿಂದ 'ಎಷ್ಟು ಸಲ ಹೇಳಬೇಕು ಪುಣ್ಯಾತ್ಮ' ಎಂಬ ದನಿ ಬಂದಾಗ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಗುತ್ತಾರೆ. ಮುದುಕರು ಕಾಗದ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು ಮೆಟ್ಟಿಲಿಳಿಯುತ್ತಾರೆ. ಪುಣ್ಯವೂ ಆತ್ಮವೂ ಸೇರಿ ಆದ ಮಾತಿನಿಂದ ಒಬ್ಬ ಮನುಷ್ಯನ ಮಾನ ಹೋಗುವುದು ಹೀಗೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಹೇಳಿದಂತೆ. ನಮ್ಮ ಹಳ್ಳಿಗಳಲ್ಲಿ ಅಜ್ಜಿಯಂದಿರು ಮೊಮ್ಮಕ್ಕಳನ್ನು ಮುದ್ದಿನಿಂದಲೇ 'ಮುಂಡೇದೇ' ಎಂದು ಕರೆಯುತ್ತಾರೆ. ಹೊತ್ತಾಯಿತು, ಉಣ್ಣಲು ಬಾ ಎಂಬ ಕಕ್ಕುಲಾತಿ ಅದರಲ್ಲಿದೆ. ಹುಡುಗ ನಕ್ಕುಕೊಂಡು ಓಡಿಬರುತ್ತಾನೆ. ಆದರೆ ಮುಂಡೆ ಎಂದರೆ ಗಂಡ ಸತ್ತವಳು, ತಲೆ ಬೋಳಿಸಿ ಮೂಲೆಗೆ ಕೂರಿಸಿದ ಹೆಂಗಸು. ಅದೇ ಜಗಲಿಯ ಮೇಲೆ ಅಂಥ ಸೋದರತ್ತೆಯೊಬ್ಬಳು ಕೂತಿದ್ದರೆ ಆ ಮುದ್ದಿನ ಮಾತು ಅವಳ ಕಿವಿಗೆ ಹೇಗೆ ಬಿದ್ದೀತು? ಬೈದವರ ಮನಸ್ಸಿನಲ್ಲಿ ಕೆಡುಕಿಲ್ಲ, ಬೈಸಿಕೊಂಡವನಿಗೆ ಬೇಸರವಿಲ್ಲ. ಪೆಟ್ಟು ತಿಂದವಳು ಮೂರನೆಯವಳು, ಲೆಕ್ಕಕ್ಕೇ ಬಾರದವಳು. ನಮ್ಮ ಬೈಗುಳಗಳಲ್ಲಿ ಹೆಚ್ಚಿನವು ಹೀಗೆಯೇ. ಜಗಳ ಇಬ್ಬರು ಗಂಡಸರದ್ದು, ಹೆಸರು ಕೆಡುವುದು ಯಾವಳೋ ತಾಯಿಯದು, ಯಾವುದೋ ಜಾತಿಯದು, ಕಾಲಿಲ್ಲದವರದು, ಕಣ್ಣಿಲ್ಲದವರದು. ಸಂದರ್ಭ ಎಂಬುದನ್ನು ಆಡುವವನ ಮನಸ್ಸಿಗೆ ಮಾತ್ರ ಕಟ್ಟಿಹಾಕಿದರೆ ಇವರೆಲ್ಲ ಹೊರಗುಳಿಯುತ್ತಾರೆ.

ಬಳಸಿ ಬಳಸಿ ಮಾತಿಗೆ ಒಂದು ಭಾರ ಕೂಡುತ್ತದೆ. ಅದನ್ನು ನಮ್ಮ ನ್ಯಾಯಾಲಯಗಳೂ ಒಪ್ಪಿವೆ. ಪರಿಶಿಷ್ಟ ಜಾತಿಯ ಒಬ್ಬರನ್ನು ಮನೆಯ ಗೇಟಿನ ಬಳಿ ಜಾತಿಯ ಹೆಸರು ಹಿಡಿದು ಕರೆದ ಮೊಕದ್ದಮೆಯೊಂದರಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಸ್ವರಣ್ ಸಿಂಗ್ ಪ್ರಕರಣ ಎಂದು ಅದಕ್ಕೆ ಹೆಸರು. ಅದು ಒಂದು ಜಾತಿಯ ಹೆಸರು ಅಷ್ಟೆ, ನಿಘಂಟಿನಲ್ಲಿದೆ, ಸರ್ಕಾರದ ಪಟ್ಟಿಯಲ್ಲೂ ಇದೆ ಎಂದು ಯಾರಾದರೂ ವಾದಿಸಬಹುದು. ಪದದ ಮೂಲಾರ್ಥ ಏನಿತ್ತು ಎಂದು ನೋಡಿ ಫಲವಿಲ್ಲ, ಬಳಕೆಯಿಂದ ಅದಕ್ಕೆ ಇವತ್ತು ಬಂದಿರುವ ಅರ್ಥವನ್ನೇ ನೋಡಬೇಕು ಎಂದಿತು ಕೋರ್ಟು. ಜೊತೆಗೆ ಅವಮಾನಿಸುವ ಉದ್ದೇಶ ಇತ್ತೇ ಇಲ್ಲವೇ ಎಂಬುದು ಆಡಿದ ಸಂದರ್ಭದಿಂದ ತೀರ್ಮಾನವಾಗಬೇಕು ಎಂದೂ ಸೇರಿಸಿತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಮಾಡಿದ ಅವಮಾನಕ್ಕೆ ಶಿಕ್ಷೆ ಇದೆ. ಪದದ ಭಾರ, ಆಡಿದವನ ಉದ್ದೇಶ, ಕೇಳಿಸಿಕೊಂಡ ಜನ, ಮೂರನ್ನೂ ಒಟ್ಟಿಗೆ ತೂಗುವ ಈ ದಾರಿ ನನಗೆ ಸರಿ ಕಾಣುತ್ತದೆ.

ಒಳ್ಳೆಯ ಪದ ಹುಡುಕಿ ಕೊಟ್ಟರೆ ಸಾಕಲ್ಲ ಎನ್ನುವವರಿಗೆ ಹರಿಜನ ಎಂಬ ಮಾತಿನ ಕಥೆ ಉತ್ತರ. ಗಾಂಧೀಜಿ ಅದನ್ನು ಪ್ರೀತಿಯಿಂದಲೇ ಕೊಟ್ಟರು, 1933ರಲ್ಲಿ ಆ ಹೆಸರಿನ ಪತ್ರಿಕೆಯನ್ನೂ ಶುರುಮಾಡಿದರು. ಅಂಬೇಡ್ಕರ್ ಒಪ್ಪಲಿಲ್ಲ. ಹೆಸರು ದೇವರದ್ದಾದರೂ ಬಾವಿಯ ನೀರು ಸಿಗಲಿಲ್ಲ, ಕೇರಿ ಊರ ಹೊರಗೇ ಉಳಿಯಿತು. ಬೋರ್ಡು ಬದಲಾದ ಕೇರಿಯ ಕಡೆಗೆ ಬೊಟ್ಟು ಮಾಡಿ ಜನ ಅದೇ ಹಳೆಯ ದನಿಯಲ್ಲಿ ಹೊಸ ಪದ ಆಡಿದರು. ಕೊನೆಗೆ 2017ರಲ್ಲಿ, ಆ ಮಾತು ಈಗ ನಿಂದನೆಯ ಮಾತಾಗಿದೆ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಚಿನ್ನದ ನಾಣ್ಯವಾದರೂ ಕೊಳಕು ಕೈಗಳಲ್ಲಿ ಓಡಾಡಿದರೆ ಮಾಸುತ್ತದೆ.

ತಿರುಗಾಮುರುಗಾ ಆದದ್ದೂ ಉಂಟು, ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಬೂಸಾ ಗಲಾಟೆಯ ಬೆನ್ನಿಗೇ ಕರ್ನಾಟಕದಲ್ಲಿ ದಲಿತ ಚಳವಳಿ ಮೈಕೊಡವಿ ಎದ್ದಿತು. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ ಬಂತು. ಅದರ ಹೆಸರು 'ಹೊಲೆಮಾದಿಗರ ಹಾಡು'. ಊರಿನವರು ಉಗುಳುವಂತೆ ಆಡುತ್ತಿದ್ದ ಪದಗಳನ್ನು ಎತ್ತಿಕೊಂಡು ಕವಿ ಪುಸ್ತಕದ ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ಇಟ್ಟರು. ಆಂಧ್ರದಲ್ಲಿ 1994ರಲ್ಲಿ ಹುಟ್ಟಿದ ಮಾದಿಗ ದಂಡೋರ ಚಳವಳಿಯ ಹುಡುಗರು ಜಾತಿಯ ಹೆಸರನ್ನೇ ತಮ್ಮ ಹೆಸರಿನ ಕೊನೆಗೆ ಸೇರಿಸಿಕೊಂಡು ತಲೆಯೆತ್ತಿ ನಡೆದರು. ತುಳಿಯಲ್ಪಟ್ಟವನು ಎಂಬ ಅರ್ಥದ ದಲಿತ ಪದವೂ ಹಾಗೆಯೇ ಹೋರಾಟದ ಹೆಸರಾಯಿತು. ಆದರೆ ಇಲ್ಲೊಂದು ಗೆರೆ ಇದೆ. ಅವರೇ ಹೇಳಿಕೊಳ್ಳುತ್ತಾರಲ್ಲ, ನಾವು ಅಂದರೆ ಏನು ತಪ್ಪು ಎಂದು ಹೊರಗಿನವರು ಕೇಳುವುದನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ, ಕಚೇರಿಗಳಲ್ಲಿ ಕೇಳಿದ್ದೇನೆ. ತಪ್ಪಿದೆ. ಗಾಯ ಆದವನು ತನ್ನ ಗಾಯ ಮುಟ್ಟಿ ನೋಡಿಕೊಳ್ಳುವುದಕ್ಕೂ ದಾರಿಹೋಕ ಬೆರಳು ಹಾಕುವುದಕ್ಕೂ ವ್ಯತ್ಯಾಸ ತಿಳಿಯದಷ್ಟು ಯಾರೂ ಮುಗ್ಧರಲ್ಲ.

ಕೆಟ್ಟ ಮಾತುಗಳ ಪಟ್ಟಿ ಮಾಡಿ ನಿಷೇಧಿಸುವುದರಿಂದ ಇದೆಲ್ಲ ಮುಗಿಯದು ಎನ್ನಲು ನನ್ನ ಬಳಿ ಇರುವ ದೊಡ್ಡ ಕಾರಣ ಒಂದು ಪುಟ್ಟ ಪದ, ನೀನು. ಯಾವ ಪಟ್ಟಿಗೂ ಅದು ಸೇರದು. ದೇವರನ್ನು ನೀನು ಅನ್ನುತ್ತೇವೆ, ಹೆತ್ತ ತಾಯಿಯನ್ನು ಅನ್ನುತ್ತೇವೆ. ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತಿಲ್ಲ. ಆದರೆ ಹಳೆಯ ಮೈಸೂರು ಸೀಮೆಯ ಜಮೀನುದಾರರ ಅಂಗಳದಲ್ಲಿ ಹತ್ತು ವರ್ಷದ ಹುಡುಗ ಅರವತ್ತರ ಆಳನ್ನು 'ಲೇ, ನೀನು ಬಾರೋ ಇಲ್ಲಿ' ಎಂದು ಕೂಗುವುದು, ಆ ಹಿರಿಯ ಜೀವ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು 'ಬಂದೆ ಬುದ್ದಿ' ಎನ್ನುವುದು ತೀರಾ ಹಿಂದಿನ ಮಾತಲ್ಲ. ಅಲ್ಲಿ ಒಂದೂ ಬೈಗುಳ ಇರಲಿಲ್ಲ. ಆದರೂ ಇಡೀ ವ್ಯವಸ್ಥೆಯೇ ಆ ಏಕವಚನದಲ್ಲಿ ಕೂತಿತ್ತು. ಇವತ್ತು ಅಂಗಳ ಹೋಗಿ ಅಪಾರ್ಟ್‌ಮೆಂಟ್ ಬಂದಿದೆ. ವಾಚ್‌ಮನ್, ಮನೆಕೆಲಸದ ಹೆಂಗಸು, ಕಸ ಒಯ್ಯುವವರು, ಆಟೋ ಚಾಲಕರು, ಇವರಲ್ಲಿ ಎಷ್ಟೋ ಜನ ನಮಗಿಂತ ವಯಸ್ಸಿನಲ್ಲಿ ಹಿರಿಯರು. ಅವರನ್ನು ನಾವು ಕರೆಯುವುದು ಏಕವಚನದಲ್ಲಿ, ನಮ್ಮನ್ನು ಅವರು ಕರೆಯುವುದು ಬಹುವಚನದಲ್ಲಿ. ಯಾರೂ ಹೇಳಿಕೊಡದೆ ಮನೆಯ ಮಕ್ಕಳು ಇದನ್ನು ಕಲಿಯುತ್ತಿವೆ, ನಮ್ಮನ್ನು ನೋಡಿಯೇ ಕಲಿಯುತ್ತಿವೆ.

ಸರ್ಕಾರ ಜಾಡಮಾಲಿ ಎಂಬ ಪದ ಬಿಟ್ಟು ಪೌರಕಾರ್ಮಿಕ ಎಂದು ಬರೆಯತೊಡಗಿದ್ದು ಒಳ್ಳೆಯದೇ ಆಯಿತು. ಆ ಪದಕ್ಕೆ ತಕ್ಕ ನಡತೆ ಮನೆಬಾಗಿಲಲ್ಲಿ ಬರಬೇಕಾಗಿದೆ. ನಾಳೆ ಬೆಳಿಗ್ಗೆ ಕಸದ ಗಾಡಿ ಬಂದಾಗ ಬಕೆಟ್ ಚಾಚುವ ಮೊದಲು ಆ ತಾಯಿಯ ಹೆಸರು ಕೇಳಿ. ಹೆಸರಿನ ಮುಂದೆ ಒಂದು 'ಅಮ್ಮ' ಸೇರಿಸಿ ಕರೆಯಿರಿ, ನೀವು ಎಂದು ಮಾತಾಡಿಸಿ. ಪಕ್ಕದಲ್ಲಿ ನಿಂತ ನಿಮ್ಮ ಮಗುವಿಗೂ ಅದು ಕೇಳಿಸಲಿ.