ಹಾಸಿಗೆಯಿದ್ದ ಪ್ರಯೋಗಾಲಯ

ವ್ಯಸನದ ಸಂಶೋಧನೆ ಎಂದರೆ ಬೋನಿನೊಳಗಿನ ಇಲಿ, ಮಿದುಳಿನ ಬಣ್ಣಬಣ್ಣದ ಸ್ಕ್ಯಾನ್, ಕೋಟಿಗಟ್ಟಲೆ ಬೆಲೆಯ ಯಂತ್ರ ಕಣ್ಣ ಮುಂದೆ ಬರುತ್ತವೆ. ಅವೂ ಬೇಕು, ಬೇಡವೆನ್ನುವವರು ಯಾರು? ಆದರೆ ಈ ಶಾಸ್ತ್ರದ ಒಂದು ದೊಡ್ಡ ತಿರುವು ಸಿಕ್ಕಿದ್ದು ನ್ಯೂಯಾರ್ಕಿನ ಆಸ್ಪತ್ರೆಯೊಂದರ ವಾರ್ಡಿನಲ್ಲಿ, ಟಿವಿ ಮುಂದೆ ಕೂತಿದ್ದ ಇಬ್ಬರು ರೋಗಿಗಳನ್ನು ಸುಮ್ಮನೆ ಗಮನಿಸುತ್ತಿದ್ದವರಿಗೆ.

ಅದು 1964. ಮುಂದೆ ವಿಶ್ವವಿದ್ಯಾಲಯವೆಂಬ ಹೆಸರು ಪಡೆದ ರಾಕ್‌ಫೆಲರ್ ಸಂಸ್ಥೆಗೆ 1910ರಿಂದಲೂ ಸ್ವಂತ ಆಸ್ಪತ್ರೆಯಿತ್ತು. ಅಲ್ಲಿಗೆ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದದ್ದೇ ಅಧ್ಯಯನಕ್ಕಾಗಿ. ಬಿಲ್ಲಿನ ಚಿಂತೆಯಿಲ್ಲ, ಬೇಗ ಮನೆಗೆ ಕಳಿಸುವ ಅವಸರವೂ ಇಲ್ಲ. ವಿನ್ಸೆಂಟ್ ಡೋಲ್ ಅಲ್ಲಿ ಬೊಜ್ಜಿನ ಬಗ್ಗೆ ಕೆಲಸ ಮಾಡುತ್ತಿದ್ದ ವೈದ್ಯ. ಮನೋವೈದ್ಯೆ ಮೇರಿ ನೈಸ್ವಾಂಡರ್ ಬರೆದ ಪುಸ್ತಕ ಓದಿ, ಆಕೆಯನ್ನು ಕರೆಸಿಕೊಂಡ. ಮಾದಕ ವ್ಯಸನಿಯನ್ನು ಅಪರಾಧಿಯಂತಲ್ಲ, ರೋಗಿಯಂತೆ ನೋಡಬೇಕೆಂದು 1956ರಷ್ಟು ಹಿಂದೆಯೇ ವಾದಿಸಿದ್ದಾಕೆ ಆಕೆ. ಅದಕ್ಕೂ ಮೊದಲು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದ, ಅರ್ಧ ಆಸ್ಪತ್ರೆ ಅರ್ಧ ಜೈಲಿನಂತಿದ್ದ ಸರ್ಕಾರಿ ಸಂಸ್ಥೆಯಲ್ಲಿ ದುಡಿದು ಬೇಸತ್ತಿದ್ದಳು. ಇವರಿಬ್ಬರ ಜೊತೆಗೂಡಿದವಳು ಮೇರಿ ಜೀನ್ ಕ್ರೀಕ್, ಇನ್ನೂ ತರಬೇತಿಯಲ್ಲಿದ್ದ ಎಳೆಯ ವೈದ್ಯೆ.

ಹೆರಾಯಿನ್‌ಗೆ ಸಿಲುಕಿದ್ದ ಇಬ್ಬರಿಗೆ ಮೊದಲು ಮಾರ್ಫಿನ್ ಕೊಟ್ಟು ನೋಡಿದರು. ಪ್ರಮಾಣ ಏರಿಸುತ್ತಲೇ ಹೋಗಬೇಕಾಯಿತು. ರೋಗಿಗಳಿಬ್ಬರೂ ಬಾತ್‌ರೋಬ್ ಸುತ್ತಿಕೊಂಡು ಟಿವಿ ಮುಂದೆ ಕೂತಿರುತ್ತಿದ್ದರು. ಕಾರ್ಯಕ್ರಮದ ಮೇಲೆ ಗಮನವಿಲ್ಲ, ಮುಂದಿನ ಸೂಜಿ ಎಷ್ಟು ಹೊತ್ತಿಗೆ ಎಂಬುದೊಂದೇ ವಿಚಾರ. ಕೊನೆಗೆ ಮೆಥಡೋನ್‌ಗೆ ಬದಲಾಯಿಸಿದರು. ಜರ್ಮನಿಯಲ್ಲಿ ಹುಟ್ಟಿದ್ದ ಹಳೇ ಔಷಧ ಅದು, ಬಾಯಿಂದಲೇ ಕುಡಿಯಬಹುದು. ಅದರ ಪ್ರಮಾಣ ಒಂದು ಹದಕ್ಕೆ ಬಂದು ನಿಂತ ಮೇಲೆ ಒಬ್ಬ ಚಿತ್ರ ಬರೆಯಲು ಶುರುಮಾಡಿದ. ಇನ್ನೊಬ್ಬ, ಬಿಟ್ಟ ಓದನ್ನು ಮುಂದುವರಿಸಲು ಶಾಲೆಗೆ ಹೋಗಲೇ ಎಂದು ಕೇಳಿದ.

ಯಾವ ಯಂತ್ರದ ಮುಳ್ಳೂ ಇದನ್ನು ತೋರಿಸುವುದಿಲ್ಲ. ದಿನವಿಡೀ ವಾರ್ಡಿನಲ್ಲಿ ಓಡಾಡಿಕೊಂಡಿದ್ದವರಿಗಷ್ಟೇ ಕಾಣುವ ಸಂಗತಿ ಇದು. ಕಾರಣ ಆಮೇಲೆ ತಿಳಿಯಿತು: ಹೆರಾಯಿನ್ ಕೆಲವೇ ಗಂಟೆಗಳಲ್ಲಿ ಏರಿ ಇಳಿಯುತ್ತದೆ, ಆ ಏರಿಳಿತದಲ್ಲೇ ಮನುಷ್ಯನ ದಿನ ಮುಗಿದುಹೋಗುತ್ತದೆ, ಮೆಥಡೋನ್ ದಿನಕ್ಕೊಮ್ಮೆ ಕುಡಿದರೆ ಸಾಕು, ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ‘ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸಿದರು’ ಎಂಬ ದೂರು ಆಗಲೂ ಇತ್ತು, ಈಗಲೂ ಇದೆ. ದೂರುವವರು ಆ ಇಬ್ಬರು ರೋಗಿಗಳನ್ನು ನೋಡಿರಲಿಲ್ಲ. ನೀವು ಮಾಡುತ್ತಿರುವುದು ಕಾನೂನಿಗೆ ವಿರುದ್ಧ ಎಂದು ಮಾದಕವಸ್ತು ಇಲಾಖೆಯವನೊಬ್ಬ ಬಂದು ಗದರಿದಾಗ, ಹಾಗಿದ್ದರೆ ಕೇಸು ಹಾಕಿ ಎಂದು ಡೋಲ್ ಉತ್ತರಿಸಿದ. ಬೆನ್ನ ಹಿಂದೆ ಸಂಸ್ಥೆ ನಿಂತಿದ್ದರಿಂದ ಬಂದ ಧೈರ್ಯ ಅದು. ಸಂಶೋಧನಾ ಸೌಲಭ್ಯಗಳ ಪಟ್ಟಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. 1965ರಲ್ಲಿ ಪ್ರಕಟವಾದ ಅವರ ಮೊದಲ ಲೇಖನದಲ್ಲಿದ್ದವರು ಬರೀ 22 ರೋಗಿಗಳು. ಆ ವಾರ್ಡಿನಲ್ಲಿ ಕಲಿತ ಕ್ರೀಕ್ ಮುಂದೆ ಅಲ್ಲೇ ವ್ಯಸನದ ಜೀವಶಾಸ್ತ್ರಕ್ಕೆಂದು ಪ್ರಯೋಗಾಲಯ ಕಟ್ಟಿ, 2021ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ತೊಡಗಿದ್ದಳು.

ನಮ್ಮ ಕಡೆಯ ಮುಖ್ಯ ಪೀಡೆ ಹೆರಾಯಿನ್ ಅಲ್ಲ, ಮದ್ಯ ಮತ್ತು ತಂಬಾಕು. ಮೆಥಡೋನ್ ಅದಕ್ಕೆ ಮದ್ದಲ್ಲ. ಆದರೆ ಕಲಿಯುವ ಜಾಗದ ಪ್ರಶ್ನೆ ಅದೇ. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಕುಡಿತಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದವರ ಮನೆಯವರು ಏನು ಮಾಡುತ್ತಾರೆ? ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಕಳಿಸುವವರಿದ್ದಾರೆ. ‘ಕುಡುಕರಿಗೆ ಗೊತ್ತಾಗದಂತೆ ಕೊಡಿ’ ಎಂಬ ಗೋಡೆಯ ಮೇಲಿನ ಜಾಹೀರಾತು ನೋಡಿ ಸಾರಿಗೆ ಪುಡಿ ಬೆರೆಸುವವರೂ ಇದ್ದಾರೆ. ಆ ಪುಡಿಯಲ್ಲಿ ಏನಿದೆಯೆಂದು ತಿಳಿಯದೆ, ಅದರ ಮೇಲೆ ಕುಡಿದರೆ ಜೀವಕ್ಕೇ ಕುತ್ತು ಬರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಎಂ.ಡಿ. ಮುಗಿಸಿದ ಮೇಲೆ ಈ ಒಂದು ವಿಷಯದಲ್ಲೇ ಡಿ.ಎಂ. ಮಾಡಬಹುದು. ಆದರೆ ಅಲ್ಲಿಂದ ಹೊರಬರುವ ತಜ್ಞರನ್ನು ಬೆರಳಲ್ಲಿ ಎಣಿಸಬಹುದು, ರೋಗಿಗಳು ಊರೂರಲ್ಲಿದ್ದಾರೆ. ಅದಕ್ಕೇ ನನಗೆ ಅಲ್ಲಿ ಇಷ್ಟವಾಗುವುದು ವಿಡಿಯೊ ಮೂಲಕ ನಡೆಯುವ ತರಬೇತಿ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ 2003ರಲ್ಲಿ ಲಿವರ್ ಕಾಯಿಲೆಯ ಚಿಕಿತ್ಸೆಗಾಗಿ ಆರಂಭಿಸಿದ ಕ್ರಮವನ್ನೇ ನಿಮ್ಹಾನ್ಸ್ ವ್ಯಸನಕ್ಕೆ ಹೊಂದಿಸಿಕೊಂಡಿತು. ದೂರದ ಜಿಲ್ಲೆಯ ಡಾಕ್ಟರು ತಮ್ಮದೇ ಆಸ್ಪತ್ರೆಯಲ್ಲಿ ಕೂತು, ಹೆಸರು ಹೇಳದೆ ತಮ್ಮ ರೋಗಿಯ ಕಥೆ ಮುಂದಿಡುತ್ತಾರೆ: ಕುಡಿತ ಬಿಟ್ಟು ಎರಡು ದಿನವಾಯಿತು, ಕೈ ನಡುಗುತ್ತಿದೆ, ರಾತ್ರಿ ಏನೇನೋ ಕಾಣುತ್ತದೆ ಅಂತಾನೆ, ಯಾವ ಮಾತ್ರೆ, ಎಷ್ಟು? ನಿಮ್ಹಾನ್ಸ್‌ನ ತಜ್ಞರು ಉತ್ತರಿಸುತ್ತಾರೆ, ಕೇಳಿಸಿಕೊಳ್ಳುವ ಬೇರೆ ಊರುಗಳ ಡಾಕ್ಟರರೂ ಅದರಿಂದ ಕಲಿಯುತ್ತಾರೆ.

ಇದು ನಡೆಯಬೇಕಾದರೆ ಜಿಲ್ಲೆಯ ಕಡೆ ರೋಗಿಯನ್ನು ಮಲಗಿಸಿಕೊಳ್ಳಲು ಜಾಗ ಬೇಕು, ಅವನ ಪಕ್ಕದಲ್ಲಿ ಕಲಿತ ಡಾಕ್ಟರೂ ಬೇಕು. ಆದರೆ ಎಂಬಿಬಿಎಸ್ ವಿದ್ಯಾರ್ಥಿ ಮನೋರೋಗ ವಿಭಾಗದಲ್ಲಿ ಕಳೆಯುವುದೇ ಕೆಲವು ವಾರ. ಹೊಸ ವೈದ್ಯಕೀಯ ಕಾಲೇಜಿನ ಶಂಕುಸ್ಥಾಪನೆಗೆ ಮಂತ್ರಿಗಳು ಬಂದಾಗ ಸ್ಕ್ಯಾನಿಂಗ್ ಯಂತ್ರದ ಬೆಲೆ ಹೇಳುತ್ತಾರೆ. ವ್ಯಸನಿಗಳಿಗೆಂದು ಎಷ್ಟು ಹಾಸಿಗೆ, ಅವರ ಪಕ್ಕದಲ್ಲಿ ಕೂತು ಕಲಿಯಲು ವಿದ್ಯಾರ್ಥಿಗೆ ಎಷ್ಟು ದಿನ ಎಂದು ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಬೇಕು.